ಅಮ್ಮನ ಬೆನ್ನು, ಕಾರಿನ ಶಾಕಬ್ಸರು

ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿಗೆ ಬಂದು ನಿಂತಾಗ ಇನ್ನೂ ಬೆಳಗಿನ ಜಾವದ ತಂಪಿತ್ತು. ಕುಮಟಾದಿಂದ ಒಬ್ಬಳೇ ಬಂದಿದ್ದ ಅಮ್ಮ ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು, ಒಂದು ಕೈಯಲ್ಲಿ ಅಪ್ಪೆಮಿಡಿಯ ಡಬ್ಬ ಹಿಡಿದು ನಿಧಾನವಾಗಿ ಇಳಿದಳು. ಅವಳಿಗೆ ಎಪ್ಪತ್ತೆರಡು. ಅದರ ಹಿಂದಿನ ಮಳೆಗಾಲದಲ್ಲಿ ಹಿತ್ತಲ ಪಾಚಿಯ ಮೇಲೆ ಜಾರಿ, ಕೂತ ಭಂಗಿಯಲ್ಲೇ ಬಿದ್ದು, ಬೆನ್ನುಮೂಳೆಯ ಒಂದು ಮಣಿ ಕುಸಿದಿತ್ತು. ಮೂಳೆ ಕೂಡಿಕೊಂಡಿದೆ, ಆದರೆ ಎತ್ತಿ ಕುಕ್ಕುವಂಥ ಪ್ರಯಾಣ ಬೇಡ ಎಂದು ವೈದ್ಯರು ಹೇಳಿದ್ದರು. ಎರಡು ತಿಂಗಳಿಗೊಮ್ಮೆ ಇಲ್ಲಿಯ ಆಸ್ಪತ್ರೆಯಲ್ಲಿ ತೋರಿಸಬೇಕು, ಅದರ ನೆಪದಲ್ಲಾದರೂ ವರ್ಷದಲ್ಲಿ ಅರ್ಧ ಕಾಲ ನಮ್ಮ ಜೊತೆ ಇರಲಿ ಎನ್ನುವುದು ನಮ್ಮ ಆಸೆ. ತುಂಬ ಹೇಳಿದ ಮೇಲೆ ಒಪ್ಪಿದ್ದಳು.

ನನ್ನ ಎಲೆಕ್ಟ್ರಿಕ್ ಕಾರಿನ ಹಿಂದಿನ ಸೀಟಿನಲ್ಲಿ ದಿಂಬು ಇಟ್ಟು ಕೂರಿಸಿದೆ. ಚೆಂಬೂರು ದಾಟಿ, ಆಣಿಕ್–ಪಾಂಜರಾಪೋಳ್ ರಸ್ತೆ ಹಿಡಿದು ವಡಾಲದ ಭಕ್ತಿ ಪಾರ್ಕಿಗೆ ಬಂದೆವು. ಹೆಚ್ಚು ದೂರವೇನಿಲ್ಲ. ಸೊಸೈಟಿಯ ಗೇಟಿನ ಹಂಪು ಹತ್ತಿ ಇಳಿದು ನಿಲ್ಲಿಸಿದಾಗ ಅಮ್ಮ ಬಾಗಿಲ ಮೇಲಿನ ಹಿಡಿಯನ್ನು ಇನ್ನೂ ಬಿಟ್ಟಿರಲಿಲ್ಲ.

"ತಮಾ, ನಿನ್ನ ಗಾಡಿ ನಿಂತ ಮೇಲೂ ಹೋಗ್ತಾ ಇರ್ತದಲ್ಲೋ" ಅಂದಳು.

ನಾನು ನಕ್ಕೆ. ಅವಳು ನಗಲಿಲ್ಲ. "ಡಾಕ್ಟರ್ ಹತ್ರ ಟ್ಯಾಕ್ಸಿಲಿ ಹೋಗುವ. ಇದ್ರಲ್ಲೇ ಹೋಗುದಾದ್ರೆ ನಾ ಊರಲ್ಲೇ ಇರ್ತೆ." ಲಕ್ಷಗಟ್ಟಲೆ ಕೊಟ್ಟು, ಸದ್ದಿಲ್ಲದ ಕಾರು ಎಂದು ಊರಲ್ಲೆಲ್ಲ ಹೇಳಿಕೊಂಡು ಬಂದವನಿಗೆ ಇದಕ್ಕಿಂತ ದೊಡ್ಡ ಮಂಗಳಾರತಿ ಬೇಕೆ?

ನಾನು ಮಾಹುಲ್ ಕಡೆಯ ಕಾರ್ಖಾನೆಯೊಂದರಲ್ಲಿ ಇನ್‌ಸ್ಟ್ರುಮೆಂಟೇಶನ್ ಎಂಜಿನಿಯರ್. ಅಳೆಯದೆ ಯಾವುದನ್ನೂ ನಂಬದಿರುವುದು ನಮ್ಮ ಕಸುಬಿನ ರೋಗ. ಮರುದಿನ ಮೊಬೈಲನ್ನು ಹಿಂದಿನ ಸೀಟಿನ ಮೇಲೆ ಟೇಪು ಹಾಕಿ ಅಂಟಿಸಿ, ಅದರೊಳಗಿನ ಅಲುಗಾಟ ಅಳೆಯುವ ಸೆನ್ಸರ್ ಓಡಿಸಿ, ಅದೇ ಹಂಪನ್ನು ಹತ್ತಿಪ್ಪತ್ತು ಸಲ ಹತ್ತಿಳಿದೆ. ವಾಚ್‌ಮನ್ ನನ್ನನ್ನು ನೋಡಿದ ರೀತಿ ಬೇರೆಯೇ ಆಗಿತ್ತು. ಹಂಪು ಇಳಿದ ಮೇಲೆ ಕಾರು ಒಂದು ಸಲ ತಗ್ಗಿ, ಎದ್ದು, ಸುಮ್ಮನಾಗಬೇಕು. ನನ್ನದು ಮೂರು ಸಲ ಏಳುತ್ತಿತ್ತು. ಅಮ್ಮ ಹೇಳಿದ್ದು ಅಕ್ಷರಶಃ ನಿಜ.

ಕಾರಿನ ಹೊಟ್ಟೆಯೊಳಗಿನ ಈ ವ್ಯವಹಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸಸ್ಪೆನ್ಶನ್ ಅಂದರೆ ಸ್ಪ್ರಿಂಗು ಎಂದುಕೊಂಡವರೇ ಹೆಚ್ಚು. ಸ್ಪ್ರಿಂಗು ಭಾರ ಹೊರುತ್ತದೆ, ಗುಂಡಿಯ ಏಟನ್ನು ನುಂಗುತ್ತದೆ. ಆದರೆ ನುಂಗಿದ್ದನ್ನು ಅದು ಇಟ್ಟುಕೊಳ್ಳುವುದಿಲ್ಲ, ಅಷ್ಟನ್ನೂ ವಾಪಸು ಕೊಡುತ್ತದೆ. ಆ ವಾಪಸು ಬರುವ ಶಕ್ತಿಯನ್ನು ತಿಂದು ಹಾಕುವುದು ಡ್ಯಾಂಪರಿನ ಕೆಲಸ. ನಾವು ಶಾಕಬ್ಸರ್ ಅನ್ನುವುದು ಇದಕ್ಕೇ. ಒಂದು ಕೊಳವೆ, ಅದರೊಳಗೆ ಎಣ್ಣೆ, ಎಣ್ಣೆಯಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನು, ಪಿಸ್ಟನ್ನಿನಲ್ಲಿ ಸಣ್ಣ ಸಣ್ಣ ತೂತು. ಎಣ್ಣೆ ಆ ತೂತುಗಳಲ್ಲಿ ನುಸುಳುವಾಗ ತಡೆಯಾಗಿ ಬಿಸಿಯಾಗುತ್ತದೆ. ಕುಲುಕಾಟವೆಲ್ಲ ಹೀಗೆ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಓಡಿಸಿದ ಮೇಲೆ ಮುಟ್ಟಿ ನೋಡಿ, ಡ್ಯಾಂಪರಿನ ಮೈ ಸುಡುತ್ತಿರುತ್ತದೆ.

ಎಲೆಕ್ಟ್ರಿಕ್ ಕಾರಿನ ಪಂಚಾಯ್ತಿ ಎಲ್ಲಿ ಅಂದರೆ, ಅದು ಭಾರ. ಒಂದೇ ಮೈಕಟ್ಟಿನ ಪೆಟ್ರೋಲ್ ಕಾರಿಗೆ ಹೋಲಿಸಿದರೆ ಬ್ಯಾಟರಿ ಹೊತ್ತ ಕಾರು ಇನ್ನೂರು, ಮುನ್ನೂರು ಕಿಲೊ ಹೆಚ್ಚು ತೂಗುವುದು ಸಾಮಾನ್ಯ. ಆ ಭಾರ ಹೊರಲು ಗಟ್ಟಿ ಸ್ಪ್ರಿಂಗು ಬೇಕು. ಭಾರವೂ ಹೆಚ್ಚು, ಸ್ಪ್ರಿಂಗೂ ಗಟ್ಟಿ ಆದಾಗ ಡ್ಯಾಂಪರ್ ಅದಕ್ಕೆ ತಕ್ಕಂತೆ ಬಲವಾಗದಿದ್ದರೆ ಕಾರು ತೊಟ್ಟಿಲಾಗುತ್ತದೆ. ನನ್ನ ಕಾರು ಹೊಸದರಲ್ಲೇ ಸ್ವಲ್ಪ ತೇಲುತ್ತಿತ್ತು. ನಲವತ್ತೆಂಟು ಸಾವಿರ ಕಿಲೋಮೀಟರು ಓಡಿ, ನಾಲ್ಕು ಮುಂಬೈ ಮಳೆಗಾಲ ಕಂಡ ಮೇಲೆ ಕೇಳಬೇಕೆ. ಎಂಜಿನ್ನಿನ ಸದ್ದಿಲ್ಲದ್ದರಿಂದ ಕೆಳಗಿನ ಪ್ರತಿ ಲೊಟಲೊಟವೂ ಕಿವಿಗೆ ಬೀಳುತ್ತದೆ. ಸರ್ವಿಸಿಗೆ ಕೊಟ್ಟಲ್ಲಿ ಹುಡುಗ ಒಂದು ಸುತ್ತು ಓಡಿಸಿ ಬಂದು "ನಾರ್ಮಲ್ ಹೈ ಸರ್" ಅಂದ. ಕಾರಿನ ಹೆಸರು ಬರೆಯುವುದಿಲ್ಲ. ಓದುಗರಲ್ಲೂ ಅದೇ ಕಾರು ಇಟ್ಟುಕೊಂಡವರು ಇರುತ್ತೀರಿ, ಬೆಳಿಗ್ಗೆ ಬೆಳಿಗ್ಗೆ ಬೇಜಾರು ಯಾಕೆ.

ಆಫ್ಟರ್‌ಮಾರ್ಕೆಟ್ ಡ್ಯಾಂಪರುಗಳ ಲೋಕಕ್ಕೆ ನಾನು ಇಳಿದದ್ದು ಹೀಗೆ. ಹಾಲೆಂಡಿನ ಕೋನಿ, ಜರ್ಮನಿಯ ಬಿಲ್‌ಸ್ಟೈನ್ ಎಂಬ ಹೆಸರುಗಳನ್ನು ರೇಸಿನ ಹುಚ್ಚಿನವರ ಬಾಯಲ್ಲಿ ನೀವು ಕೇಳಿರಬಹುದು. ನಮ್ಮಲ್ಲೂ ಇದರ ಕಸುಬು ಹೊಸದಲ್ಲ, ಗೇಬ್ರಿಯಲ್ ಇಂಡಿಯಾ 1961ರಿಂದ ಇದೆ, ಬೆಂಗಳೂರಿನ ಪಕ್ಕದ ಹೊಸೂರಿನಲ್ಲೇ ಅದರ ಕಾರ್ಖಾನೆಯಿದೆ. ಆದರೆ ಎಲೆಕ್ಟ್ರಿಕ್ ಕಾರಿಗೆಂದೇ ಅಳೆದು ಮಾಡಿದ, ಕಂಪನಿಯದ್ದಕ್ಕಿಂತ ಮೇಲ್ದರ್ಜೆಯ ಜೋಡಿ ಬೇಕೆಂದರೆ ಇಲ್ಲಿ ಹುಡುಕಾಟವೇ ಸೈ.

ಮೊದಲ ಸಲ ಮೋಸ ಹೋದೆ. ಮೋಸ ಎನ್ನುವುದಕ್ಕಿಂತ ನನ್ನ ದಡ್ಡತನ ಎನ್ನಬೇಕು. ಒಬ್ಬ ಅಂಗಡಿಯವನು "ಸೇಮ್ ಟು ಸೇಮ್ ಫಿಟ್ಟಿಂಗ್, ಸ್ಪೋರ್ಟ್ಸ್ ಕ್ವಾಲಿಟಿ" ಎಂದು ನಾಲ್ಕು ಹಳದಿ ಬಣ್ಣದ ಡ್ಯಾಂಪರು ಕೊಟ್ಟ. ಇಪ್ಪತ್ತಾರು ಸಾವಿರ. ಅವನ್ನು ಹಾಕಿಸಲು ಗ್ಯಾರೇಜು ಹುಡುಕುತ್ತ ವಡಾಲದ ಟ್ರಕ್ ಟರ್ಮಿನಸ್ಸಿನ ಹಿಂದಿನ ಗಲ್ಲಿಗೆ ಹೋದೆ. ಆರ್‌ಟಿಒ ಆಫೀಸಿಗೆ ಬರುವ ಗಾಡಿಗಳಿಂದ ಆ ಕಡೆ ಸದಾ ಜಾತ್ರೆ. ತಗಡಿನ ಶೆಡ್ಡಿನಲ್ಲಿ ಒಬ್ಬರು ಲಾರಿಯ ಕೆಳಗೆ ಮಲಗಿ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದರು: "ಇಲ್ಲೋ ಯಪ್ಪಾ, ಈ ಸಲ ಜಾತ್ರಿಗ್ ಬರಾಕ್ ಆಗಂಗಿಲ್ಲ." ನಾನು ಅಲ್ಲೇ ನಿಂತುಬಿಟ್ಟೆ. ಹೊರನಾಡಿನಲ್ಲಿ ಇರುವವರಿಗೆ ಈ ನಿಲ್ಲುವುದು ಗೊತ್ತು.

ಆಳಂದ ಕಡೆಯವರು. ಅಪ್ಪ ಗೋದಿಯಲ್ಲಿ, ಅಂದರೆ ಬಂದರಿನ ಡಾಕಿನಲ್ಲಿ, ಹಮಾಲಿ ಮಾಡಲು ಬಂದವರು. ಇವರು ಇಲ್ಲೇ ವಡಾಲದ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿ ಸ್ಪ್ಯಾನರ್ ಹಿಡಿದವರು. ಹೆಸರು ಹಾಕಬ್ಯಾಡ್ರಿ ಅಂದಿದ್ದಾರೆ, ಗಲ್ಲಿಯಲ್ಲಿ ಎಲ್ಲರೂ ಕರೆಯುವಂತೆ ಉಸ್ತಾದ್ ಎಂದೇ ಬರೆಯುತ್ತೇನೆ. ಲಾರಿ, ಟೆಂಪೊ ಅವರ ಮುಖ್ಯ ಕೆಲಸ. ಮಗ ಐಟಿಐ ಮಾಡಿ ಎಲೆಕ್ಟ್ರಿಕ್ ಗಾಡಿಗಳ ತರಬೇತಿ ಪಡೆದು ಪಕ್ಕದಲ್ಲೇ ಒಂದು ಲಿಫ್ಟು ಹಾಕಿಕೊಂಡಿದ್ದಾನೆ.

ಉಸ್ತಾದ್ ನನ್ನ ಹಳದಿ ಡ್ಯಾಂಪರನ್ನು ಕೈಯಲ್ಲಿ ಹಿಡಿದು, ರಾಡನ್ನು ನೆಲಕ್ಕೆ ಒತ್ತಿ ಬಿಟ್ಟು, ಮತ್ತೆ ಒತ್ತಿ ನೋಡಿದರು. "ಇದು ಪೆಟ್ರೋಲ್ ಗಾಡಿದ್ ಅದಾರಿ ಸರ" ಅಂದರು.

"ಬೋಲ್ಟು ಸರಿಯಾಗಿ ಕೂರುತ್ತಂತಲ್ಲ?"

"ಬೋಲ್ಟ್ ಕುಂತ್ರ ಆತೇನ್ರಿ? ತೂಕ ಯಾರ್ ನೋಡ್ಬೇಕು? ನಿಮ್ ಅಂಗಿ ನನಗ ಗುಂಡಿ ಹಾಕಾಕ್ ಬರ್ತದ, ಉಸುರು ಬಿಡಾಕ್ ಬರಂಗಿಲ್ಲ."

ಆಮೇಲೆ ಕೇಳಿದರು, ಯಾರಿಗೋಸ್ಕರ ಇದೆಲ್ಲ ಎಂದು. ಅಮ್ಮನ ಬೆನ್ನಿನ ಕಥೆ ಹೇಳಿದೆ. ಆಗ ಅವರು ಹೇಳಿದ ಮಾತು ನನ್ನ ಲೆಕ್ಕವನ್ನೇ ಬದಲಿಸಿತು. "ಸ್ಪೋರ್ಟ್ಸ್ ಹಾಕಿದ್ರ ಗಾಡಿ ಕುಣಿಯೂದ್ ನಿಂದರ್ತದ್ರಿ. ಖರೆ, ಹೊಡೆತ ಸೀದಾ ಅವ್ವನ ಬೆನ್ನಿಗೇ ಬರ್ತದ."

ಮನೆಗೆ ಬಂದು ಪುಸ್ತಕ ತೆರೆದರೆ ಅವರು ಹೇಳಿದ್ದೇ ಅಂಕಿಗಳಲ್ಲಿ ಇತ್ತು. ಕಾರಿನ ಮೈ ಸೆಕೆಂಡಿಗೆ ಸುಮಾರು ಒಂದರಿಂದ ಎರಡು ಸಲ ತೂಗುತ್ತದೆ. ಗಾಲಿ ಅದರ ಪಾಡಿಗೆ ಸೆಕೆಂಡಿಗೆ ಹತ್ತು, ಹದಿನೈದು ಸಲ ನಡುಗುತ್ತದೆ. ಇವೆರಡರ ನಡುವೆ, ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಮೇಲೆ ಕೆಳಗಿನ ಅಲುಗಾಟಕ್ಕೆ ಕೂತ ಮನುಷ್ಯನ ಮುಂಡ ಅತ್ಯಂತ ಸೂಕ್ಷ್ಮ. ಮೈ ಕಂಪನದ ಬಗ್ಗೆ ಇರುವ ಐಎಸ್‌ಒ 2631 ಎಂಬ ಮಾನದಂಡವೂ ಲಂಬ ಅಲುಗಾಟದಲ್ಲಿ ಹೆಚ್ಚು ತೂಕ ಕೊಡುವುದು ಈ ಪಟ್ಟಿಗೇ. ಡ್ಯಾಂಪರನ್ನು ಬಿಗಿ ಮಾಡಿದಷ್ಟೂ ಮೈ ತೂಗುವುದು ನಿಲ್ಲುತ್ತದೆ, ಆದರೆ ಈ ನಡುವಿನ ಪಟ್ಟಿಯ ನಡುಕ ಹೆಚ್ಚು ಹೆಚ್ಚಾಗಿ ಸೀಟಿಗೆ ದಾಟುತ್ತದೆ. ಅಂದರೆ ತೇಲುವ ಕಾರು ಅಮ್ಮನಿಗೆ ಹೆದರಿಕೆ, ಓಕರಿಕೆ ತರುತ್ತಿತ್ತು. ನಾನು ಹಾಕಿಸಲು ಹೊರಟಿದ್ದು ಅವಳ ಮೂಳೆಗೇ ಕೆಡುಕಾಗುತ್ತಿತ್ತು. ಎಂಜಿನಿಯರ್ ಆದ ನನಗೆ ಇದು ಏಳನೇ ಕ್ಲಾಸು ಓದಿದವರಿಂದ ತಿಳಿಯಬೇಕಾಯಿತು. ಅಂಗಡಿಯವನು ನಾಲ್ಕು ಸಾವಿರ ಮುರಿದುಕೊಂಡು ಹಳದಿ ಡ್ಯಾಂಪರು ವಾಪಸು ತಗೊಂಡ.

ಇದಕ್ಕೆ ನಡುವಿನ ದಾರಿಯೂ ಇದೆ. ನಿಧಾನವಾದ, ದೊಡ್ಡ ತೂಗಾಟಕ್ಕೆ ಬಿಗಿಯಾಗಿ, ಚುರುಕಾದ ಸಣ್ಣ ಏಟಿಗೆ ಸಡಿಲವಾಗಿ ವರ್ತಿಸುವ ಡ್ಯಾಂಪರುಗಳು. ಮುಖ್ಯ ಪಿಸ್ಟನ್ನಿನ ಪಕ್ಕ ಎಣ್ಣೆಗೆ ಇನ್ನೊಂದು ಕಳ್ಳದಾರಿ ಇರುತ್ತದೆ. ಚಲನೆ ಚುರುಕಾಗಿದ್ದರೆ ದಾರಿ ತೆರೆದೇ ಇರುತ್ತದೆ, ಎಣ್ಣೆ ಸರಾಗವಾಗಿ ಹಾದುಹೋಗುತ್ತದೆ. ಚಲನೆ ಉದ್ದಕ್ಕೆ ಎಳೆದರೆ ಒತ್ತಡ ಕೂಡಿಕೊಂಡು ದಾರಿ ಮುಚ್ಚುತ್ತದೆ, ಬಿಗಿತ ಬರುತ್ತದೆ. ವೈರು, ಕಂಪ್ಯೂಟರು ಏನೂ ಇಲ್ಲ. ಕೋನಿಯವರು ಇದನ್ನು ಬಹಳ ಹಿಂದೆಯೇ ಮಾರುಕಟ್ಟೆಗೆ ತಂದರು. ಈಚೆಗೆ ನಮ್ಮ ದೇಶದ ಕೆಲವು ಕಾರುಗಳಲ್ಲಿ ಕಂಪನಿಯಿಂದಲೇ ಈ ಬಗೆಯದು ಬರುತ್ತಿದೆ, ಮಹೀಂದ್ರದ ಎಕ್ಸ್‌ಯುವಿ 700 ಒಂದು ಉದಾಹರಣೆ. ನನ್ನ ಮಾದರಿ ಹೊರದೇಶಗಳಲ್ಲೂ ಮಾರಾಟವಾಗುವುದರಿಂದ ಅದರ ಎಲೆಕ್ಟ್ರಿಕ್ ಆವೃತ್ತಿಗೆಂದೇ ಮಾಡಿದ ಜೋಡಿ ಸಿಕ್ಕಿತು. ತರಿಸಲು ಐದು ವಾರ. ಸುಂಕ ಸೇರಿ ಎಂಬತ್ತಮೂರು ಸಾವಿರ. ಹೆಂಡತಿಗೆ ಮೊದಲು ಐವತ್ತು ಎಂದು ಹೇಳಿದ್ದೆ, ಈ ಬರಹದಿಂದ ನಿಜ ಗೊತ್ತಾಗಲಿದೆ.

ಹಾಕಿಸಿದ ದಿನ ನಾನು ರಜೆ ಹಾಕಿ ಶೆಡ್ಡಿನಲ್ಲೇ ಕೂತಿದ್ದೆ. ಉಸ್ತಾದರ ಮಗ ಮೊದಲು ನೋಡಿದ್ದು ಕಾರನ್ನು ಎತ್ತುವ ಜಾಗ. ಎಲೆಕ್ಟ್ರಿಕ್ ಕಾರಿನ ತಳಭಾಗದ ಬಹುಪಾಲು ಬ್ಯಾಟರಿಯೇ, ಜ್ಯಾಕನ್ನು ಕಂಡಕಂಡಲ್ಲಿ ಕೊಟ್ಟರೆ ಅದರ ಪೆಟ್ಟಿಗೆ ನೆಗ್ಗುತ್ತದೆ. ಪಕ್ಕದ ಅಂಚಿನಲ್ಲಿ ಕಂಪನಿ ಗುರುತು ಮಾಡಿದ ನಾಲ್ಕು ಕಡೆಯಲ್ಲೇ, ರಬ್ಬರ್ ಬಿಲ್ಲೆ ಇಟ್ಟು ಎತ್ತಬೇಕು. ಕಿತ್ತಳೆ ಬಣ್ಣದ ದಪ್ಪ ವೈರುಗಳ ತಂಟೆಗೆ ಹೋಗಬಾರದು. ಮುಂದಿನ ಎರಡು ಗಾಲಿಗಳಲ್ಲಿ ಸ್ಪ್ರಿಂಗೂ ಡ್ಯಾಂಪರೂ ಒಂದಕ್ಕೊಂದು ಸುತ್ತಿಕೊಂಡಿರುತ್ತವೆ, ಸ್ಪ್ರಿಂಗನ್ನು ಕಂಪ್ರೆಸರಿನಲ್ಲಿ ಅದುಮಿ ಹಿಡಿದು ಬಿಚ್ಚಬೇಕು. ಅದು ಜಾರಿದರೆ ಗುಂಡು ಹಾರಿದ ಹಾಗೆ. ಅಷ್ಟು ಹೊತ್ತು ಉಸ್ತಾದ್ ನನ್ನನ್ನು ಶೆಡ್ಡಿನ ಹೊರಗೆ ಚಹಾ ಕುಡಿಯಲು ಕಳಿಸಿದರು. ಹಿಂದಿನವು ಬೇರೆ ಬೇರೆ ಇರುವುದರಿಂದ ಸುಲಭ.

ಬಿಚ್ಚಿದ ಹಳೆಯ ಮುಂದಿನ ಎಡ ಡ್ಯಾಂಪರು ಎಣ್ಣೆ ಕಕ್ಕಿ ಧೂಳು ಮೆತ್ತಿಕೊಂಡಿತ್ತು. ಇನ್ನೊಂದರ ತುದಿಯ ರಬ್ಬರ್ ಬುಷ್ಷು ಸೀಳಿತ್ತು. ನಾರ್ಮಲ್ ಅಂದಿದ್ದ ಹುಡುಗನ ನೆನಪಾಯಿತು. ಮೇಲಿನ ಮೌಂಟು, ಬೇರಿಂಗು, ಧೂಳಿನ ಕವಚ ಎಲ್ಲ ಹೊಸತು ಹಾಕಿಸಿದೆವು. ಡ್ಯಾಂಪರಿಗೆ ಎಂಬತ್ತು ಸಾವಿರ ಸುರಿದು ಈ ಚಿಲ್ಲರೆ ರಬ್ಬರಿನಲ್ಲಿ ಉಳಿಸಲು ಹೋಗುವವರನ್ನು ಕಂಡರೆ ಉಸ್ತಾದರಿಗೆ ಸಿಟ್ಟು. ಇನ್ನೊಂದು ಸಂಗತಿ ನನಗೆ ಗೊತ್ತಿರಲಿಲ್ಲ: ಬುಷ್ಷಿನ ಬೋಲ್ಟುಗಳನ್ನು ಕಾರು ಗಾಳಿಯಲ್ಲಿ ತೂಗುತ್ತಿರುವಾಗ ಪೂರ್ತಿ ಬಿಗಿಯಬಾರದು. ಗಾಲಿ ನೆಲಕ್ಕೆ ತಾಗಿ, ಭಾರ ಕೂತ ಮೇಲೆ ಕೊನೆಯ ಬಿಗಿತ ಕೊಡಬೇಕು. ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೊನೆಗೆ ವೀಲ್ ಅಲೈನ್‌ಮೆಂಟ್. ಅದನ್ನು ಬಿಟ್ಟರೆ ಟೈರು ತಿಂದುಹೋಗುವುದಲ್ಲದೆ ಚಾರ್ಜೂ ಸುಮ್ಮನೆ ಖರ್ಚಾಗುತ್ತದೆ. ಮಜೂರಿ, ರಬ್ಬರು, ಅಲೈನ್‌ಮೆಂಟ್ ಸೇರಿ ಹನ್ನೊಂದು ಸಾವಿರದ ಚಿಲ್ಲರೆ.

ಕಾನೂನಿನ ವಿಷಯ ಕೇಳುವವರಿಗೆ ಎರಡು ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಗಟ್ಟಿ ಮಾಡಿತು. ಅದೇ ಅಳತೆಯ ಡ್ಯಾಂಪರು ಹಾಕಿದರೆ ಆರ್‌ಸಿಯ ಯಾವ ವಿವರವೂ ಬದಲಾಗುವುದಿಲ್ಲ. ಕಾರನ್ನು ಎತ್ತರಿಸುವ, ತಗ್ಗಿಸುವ ಕಿಟ್ಟುಗಳ ಸಹವಾಸ ಮಾತ್ರ ಬೇಡ. ವಿಮೆಯವರಿಗೆ ಬಿಲ್ಲಿನ ಸಮೇತ ಇಮೇಲ್ ಹಾಕಿ, ಉತ್ತರ ತೆಗೆದಿಟ್ಟುಕೊಳ್ಳಿ. ವಾರಂಟಿಯ ಬಗ್ಗೆಯೂ ಮೊದಲೇ ಬರಹದಲ್ಲಿ ಕೇಳಿ. ಸಸ್ಪೆನ್ಶನ್ನಿನ ವಾರಂಟಿ ಹೋಗಬಹುದು, ಬ್ಯಾಟರಿಯದ್ದಕ್ಕೆ ಯಾರೂ ತಗಾದೆ ತೆಗೆಯಬಾರದು.

ಮೊದಲ ಓಟ ಈಸ್ಟರ್ನ್ ಫ್ರೀವೇ ಮೇಲೆ. ಎತ್ತರಿಸಿದ ರಸ್ತೆಯ ಜೋಡಣೆಗಳ ಮೇಲೆ ಹೋಗುವಾಗ ಮೊದಲು ಕಾರಿನ ಮೂತಿ ಒಂದೊಂದಕ್ಕೂ ನಮಸ್ಕಾರ ಹಾಕುತ್ತಿತ್ತು. ಈಗ ಗಾಲಿ ಮಾತ್ರ ಟಕ್ ಅನ್ನುತ್ತದೆ, ಮೈ ಅಲ್ಲಾಡುವುದಿಲ್ಲ. ಶಿವಡಿಯಿಂದ ಅಟಲ್ ಸೇತು ಹತ್ತಿದೆ. 2024ರ ಜನವರಿಯಲ್ಲಿ ತೆರೆದ ಆ 21.8 ಕಿಲೋಮೀಟರಿನ ಸೇತುವೆಯ ಮೇಲೆ ಸಮುದ್ರದ ಗಾಳಿಗೆ ನನ್ನ ಕಾರು ಹಿಂದೆ ದೋಣಿಯಂತೆ ಹೊಯ್ದಾಡುತ್ತಿತ್ತು. ಈಗ ನೂರರಲ್ಲಿ ಸ್ಟೀರಿಂಗ್ ಮೇಲೆ ಎರಡು ಬೆರಳು ಸಾಕು ಅನಿಸಿತು. ಎರಡೂ ಕೈ ಇಟ್ಟೇ ಓಡಿಸಿದೆ, ಹೆಂಡತಿ ಓದುತ್ತಾಳೆ ಎಂದು ಇದನ್ನೂ ಬರೆದಿದ್ದೇನೆ. ಸೊಸೈಟಿಯ ಹಂಪಿನಲ್ಲಿ ಮೊಬೈಲ್ ಅಂಟಿಸಿದರೆ ಮೂರು ಏಳುವಿಕೆ ಒಂದಕ್ಕೆ ಇಳಿದಿತ್ತು. ವಾಚ್‌ಮನ್ ಈ ಸಲ ಮುಖ ಆಚೆ ತಿರುಗಿಸಿಕೊಂಡ.

ಆದರೆ ಗಲ್ಲಿಗಳ ಪೇವರ್ ಬ್ಲಾಕ್, ಮುರಿದ ಕಾಂಕ್ರೀಟಿನ ಅಂಚು, ಮ್ಯಾನ್‌ಹೋಲಿನ ತುಟಿ? ಇಲ್ಲಿ ನಾನು ಅಂದುಕೊಂಡಷ್ಟು ವ್ಯತ್ಯಾಸ ಬರಲಿಲ್ಲ. ಸ್ವಲ್ಪ ಮೆತ್ತಗಾಗಿದೆ ನಿಜ, ಎಂಬತ್ತಮೂರು ಸಾವಿರದಷ್ಟು ಆಗಿಲ್ಲ. ಮುಖ ಸಣ್ಣದು ಮಾಡಿಕೊಂಡು ಉಸ್ತಾದರ ಹತ್ತಿರ ಹೋದೆ. ಅವರು ಟೈರಿಗೆ ಗೇಜು ಹಾಕಿದರು. ನಲವತ್ತು. ಬಾಗಿಲ ಸ್ಟಿಕ್ಕರಿನಲ್ಲಿ ಬರೆದಿರುವುದು ಮೂವತ್ತೈದು. ಚಾರ್ಜ್ ಹೆಚ್ಚು ಬಾಳಲಿ ಎಂದು ನಾನೇ ಪಂಪಿನಲ್ಲಿ ಹೇಳಿ ಹಾಕಿಸಿಕೊಳ್ಳುತ್ತಿದ್ದೆ. ಚೂಪಾದ ಏಟಿಗೆ ಮೊದಲ ಸ್ಪ್ರಿಂಗು ಟೈರೇ ಅಲ್ಲವೇ. ಐದು ಪಾಯಿಂಟು ಬಿಟ್ಟರು. ಆಮೇಲೆ ಕೇಳಿದರು:

"ಅವ್ವ ಎಲ್ಲಿ ಕುಂದರ್ತಾರ್ರೀ?"

"ಹಿಂದೆ. ಅಲ್ಲೇ ಆರಾಮ ಅಂತ."

"ಹಿಂದಿನ ಗಾಲಿ ಮ್ಯಾಲೆ ಕುಂದ್ರಿಸಿ ಆರಾಮ ಅಂದ್ರ ಹೆಂಗ್ರಿ ಸರ? ಬಸ್ಸಿನ್ಯಾಗ ಲಾಸ್ಟ್ ಸೀಟ್ ಯಾರ್ ಹಿಡೀತಾರ?"

ಎರಡು ಅಚ್ಚುಗಳ ನಡುವೆ ಕೂತವರಿಗೆ ಕುಲುಕು ಕಡಿಮೆ, ಅಚ್ಚಿನ ಹತ್ತಿರ ಹೆಚ್ಚು. ಕುಮಟಾ–ಶಿರಸಿ ಘಾಟಿಯ ಬಸ್ಸಿನಲ್ಲಿ ಹತ್ತು ವರ್ಷ ಓಡಾಡಿದ ನನಗೆ ಇದು ಹೊಸ ಸಂಗತಿಯಲ್ಲ. ಹಿರಿಯರು ಹಿಂದೆ, ಗಂಡ ಹೆಂಡತಿ ಮುಂದೆ ಎಂಬ ರೂಢಿಯಲ್ಲಿ ತಲೆಗೇ ಹೋಗಿರಲಿಲ್ಲ. ಈ ಎರಡು ಸಲಹೆಗೆ ಉಸ್ತಾದ್ ತೆಗೆದುಕೊಂಡದ್ದು ಒಂದು ಕಟಿಂಗ್ ಚಹಾ.

ಹಾಗಾದರೆ ಡ್ಯಾಂಪರು ದಂಡವೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಅಲ್ಲ. ಹಳೆಯವು ಸೋರುತ್ತಿದ್ದವು, ಹೇಗಿದ್ದರೂ ಬದಲಿಸಬೇಕಿತ್ತು. ಭಾರದ ಗಾಡಿ ತುರ್ತಾಗಿ ಬ್ರೇಕು ಹಾಕಿದಾಗ ಟೈರು ನೆಲ ಬಿಡದಂತೆ ಹಿಡಿಯುವುದೂ ಅದೇ ಡ್ಯಾಂಪರು. ಮೊದಲು ಗಾಳಿ, ಬುಷ್ಷು, ಕೂರುವ ಜಾಗ ನೋಡಿ, ಆಮೇಲೆ ದುಡ್ಡು ಬಿಚ್ಚಬೇಕಿತ್ತು. ನಾನು ಕೊನೆಯಿಂದ ಶುರು ಮಾಡಿದೆ. ಬರೀ ರೇಂಜು, ಚಾರ್ಜರು, ಸಬ್ಸಿಡಿ ಎಂದು ಮಾತಾಡುವ ನಾವು ಎಲೆಕ್ಟ್ರಿಕ್ ಕಾರು ಕೊಳ್ಳುವಾಗ ಹಿಂದಿನ ಸೀಟಿನಲ್ಲಿ ಕೂತು ಒಂದು ಸುತ್ತು ಹೋಗಿ ನೋಡುವುದೇ ಇಲ್ಲ. 2001ರಲ್ಲಿ ಬೆಂಗಳೂರಿನಿಂದ ಹೊರಟ ಪುಟ್ಟ ರೇವಾದಲ್ಲಿ ಗೆಳೆಯನ ಪಕ್ಕ ಕೂತು ಜಯನಗರ ಸುತ್ತಿದ್ದು ನೆನಪಿದೆ. ಆಗ ಪೆಟ್ರೋಲಿಲ್ಲದೆ ಓಡಿತಲ್ಲ ಎಂಬುದೇ ದೊಡ್ಡ ಸೋಜಿಗ, ಬೆನ್ನಿನ ಚಿಂತೆ ಯಾರಿಗಿತ್ತು.

ಜುಲೈನಲ್ಲಿ ಅಮ್ಮನ ತಪಾಸಣೆ. ಸುರಿಯುವ ಮಳೆ, ಕಿಂಗ್ಸ್ ಸರ್ಕಲ್ ಎಂದಿನಂತೆ ಕೆರೆಯಾಗಿತ್ತು, ಬಳಸಿಕೊಂಡು ಹೋದೆವು. ಅಮ್ಮ ಮುಂದಿನ ಸೀಟಿನಲ್ಲಿ, ಬೆನ್ನಿಗೆ ದಿಂಬು. ಮೊದಲ ಹತ್ತು ನಿಮಿಷ ಹಿಡಿಯ ಮೇಲೆ ಕೈ ಇತ್ತು. ಆಮೇಲೆ ನೋಡಿದರೆ ಕೈ ಮಡಿಲಲ್ಲಿತ್ತು, ಕಣ್ಣು ಮುಚ್ಚಿತ್ತು. ಆಸ್ಪತ್ರೆಯ ಹತ್ತಿರ ಪೇವರ್ ಬ್ಲಾಕು ಎದ್ದ ಕಡೆ ಗಾಡಿ ಕುಕ್ಕಿದಾಗ ಎಚ್ಚರವಾಗಿ, "ಇಂಥಲ್ಲಿ ಸಾವಕಾಶ ಹೊಡಿ ಮಾರಾಯಾ" ಅಂದಳು. ಸಾವಕಾಶ ಹೊಡೆದೆ.

ಟ್ಯಾಕ್ಸಿಯ ಮಾತು ಮತ್ತೆ ಬಂದಿಲ್ಲ. ಚೌತಿಗೆ ಊರಿಗೆ ಹೋಗಿ, ದೀಪಾವಳಿ ಮುಗಿಸಿ ವಾಪಸು ಬರುತ್ತೇನೆ ಎಂದಿದ್ದಾಳೆ, ಟಿಕೆಟ್ಟು ಎರಡೂ ಕಡೆಯದ್ದು ಮಾಡಿಸಿದ್ದೇನೆ. ಈಗಿನ ಜಗಳ ಬೇರೆ. ಮುಂದಿನ ಸೀಟು ಖಾಯಂ ಅಮ್ಮನ ಪಾಲಾಗಿರುವುದರಿಂದ ಹಿಂದೆ ಕೂರುವ ಹೆಂಡತಿ, ಇಲ್ಲಿ ಎಷ್ಟು ಕುಲುಕುತ್ತದೆ ಎಂದು ನೀವೊಮ್ಮೆ ಕೂತು ನೋಡಿ ಅನ್ನುತ್ತಿದ್ದಾಳೆ.